ಆಫೀಸಿನವರಿಗೆ ಸೈಬರ್ ಸುರಕ್ಷತೆ ತರಬೇತಿ ಕೊಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನಾನು ಐಟಿ ಕೆಲಸ ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ ನಡೆದದ್ದು ಇದು. ಅಕೌಂಟ್ಸ್‌ನಲ್ಲಿ ಒಬ್ಬ ಮೇಡಂ ಇದ್ದರು. ಅವರ ಕೈಯಲ್ಲಿ ಲೆಕ್ಕ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಒಂದು ಸಂಜೆ ಅವರಿಗೆ ನಮಗೆ ಸಾಮಾನು ಸರಬರಾಜು ಮಾಡುವ ಕಂಪನಿಯ ಹೆಸರಿನಲ್ಲಿ ಮೇಲ್ ಬಂತು. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ' ಅಂತ. ಕೆಳಗೆ ಹಿಂದಿನ ಮೇಲ್‌ಗಳೆಲ್ಲ ಹಾಗೇ ಇದ್ದವು. ಬಿಲ್ ನಂಬರ್ ಸರಿ ಇತ್ತು, ಮೊತ್ತವೂ ಸರಿ ಇತ್ತು. ವ್ಯತ್ಯಾಸ ಇದ್ದದ್ದು ಒಂದೇ ಕಡೆ. ಕಂಪನಿಯ ಇಮೇಲ್ ವಿಳಾಸದಲ್ಲಿ ಇಂಗ್ಲಿಷಿನ 'ಎಂ' ಇರಬೇಕಾದ ಜಾಗದಲ್ಲಿ 'ಆರ್' ಮತ್ತು 'ಎನ್' ಅಕ್ಕಪಕ್ಕ ಕೂತಿದ್ದವು. ಸಣ್ಣಕ್ಷರದಲ್ಲಿ ಎರಡೂ ಅಂಟಿಕೊಂಡರೆ 'ಎಂ' ತರಾನೇ ಕಾಣುತ್ತೆ.

ಹಣ ಹೋಯಿತು. ಅದೇ ರಾತ್ರಿ ಅವರಿಗೆ ಅನುಮಾನ ಬಂದಿತ್ತಂತೆ. ಆದರೆ ಬಂದು ಹೇಳಿದ್ದು ಎರಡು ದಿನ ಆದಮೇಲೆ, ಅದೂ ಕಣ್ಣೀರು ಹಾಕುತ್ತಾ. ಆ ಹೊತ್ತಿಗೆ ಬ್ಯಾಂಕಿನವರ ಕೈಯಲ್ಲೂ ಏನೂ ಉಳಿದಿರಲಿಲ್ಲ. ನನಗೆ ಇವತ್ತಿಗೂ ಚುಚ್ಚುವ ಸಂಗತಿ ಏನು ಗೊತ್ತಾ? ಎರಡು ತಿಂಗಳ ಹಿಂದೆ ನಾವೇ ಕೊಟ್ಟ ತರಬೇತಿಯ ಪರೀಕ್ಷೆಯಲ್ಲಿ ಅವರಿಗೆ ಪೂರ್ತಿ ಅಂಕ ಬಂದಿತ್ತು. ಏನೇನು ಮಾಡಬಾರದು ಅಂತ ನಾವು ಚೆನ್ನಾಗಿ ಕಲಿಸಿದ್ದೆವು. ಎಡವಿದರೆ ಯಾರಿಗೆ ಹೇಳಬೇಕು, ಹೇಳಿದರೆ ಏನೂ ಆಗಲ್ಲ ಅನ್ನುವುದನ್ನು ಮಾತ್ರ ಕಲಿಸಿರಲಿಲ್ಲ.

ಆಮೇಲೆ ನಾನು ತರಬೇತಿ ಕೊಡುವ ರೀತಿಯನ್ನೇ ಬದಲಿಸಿಕೊಂಡೆ. ಆ ಎರಡು ದಿನವನ್ನು ಎರಡು ನಿಮಿಷಕ್ಕೆ ಇಳಿಸುವುದಕ್ಕೇ ತರಬೇತಿ ಬೇಕು ಅಂತ ನಾನು ನಂಬಿದ್ದೇನೆ. ಇಲ್ಲಿರುವ ಹಂತಗಳೆಲ್ಲ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹತ್ತು ಜನರ ಆಫೀಸಾದರೂ ಸರಿ, ಸಾವಿರ ಜನರದ್ದಾದರೂ ಸರಿ.

ಹಂತ 1: ಹೇಳುವ ದಾರಿಯನ್ನು ಮೊದಲು ಮಾಡಿ

ಹೆಚ್ಚಿನವರು ಮೊದಲು ಕ್ಲಾಸ್ ಇಡುತ್ತಾರೆ, ಆಮೇಲೆ ಕೊನೆಯ ಸ್ಲೈಡಿನಲ್ಲಿ 'ಅನುಮಾನ ಬಂದರೆ ಐಟಿ ತಂಡಕ್ಕೆ ತಿಳಿಸಿ' ಅಂತ ಒಂದು ಸಾಲು ಹಾಕುತ್ತಾರೆ. ಇದನ್ನು ತಿರುಗಿಸಿ. ಕ್ಲಾಸಿಗಿಂತ ಮೊದಲು ದಾರಿ ಸಿದ್ಧವಾಗಿರಲಿ.

ಒಂದು ಫೋನ್ ನಂಬರ್ ಇರಲಿ, ಅದನ್ನು ಎತ್ತುವವರು ಇರಲಿ. ಮೇಲ್ ತೆರೆದಾಗ ಕಾಣುವ ಹಾಗೆ 'ರಿಪೋರ್ಟ್' ಬಟನ್ ಇರಲಿ. ನೀವು ಬಳಸುವ ಮೇಲ್‌ನಲ್ಲಿ ಅದು ಬಹುಶಃ ಈಗಾಗಲೇ ಇದೆ, ಯಾರಿಗೂ ತೋರಿಸಿರುವುದಿಲ್ಲ ಅಷ್ಟೆ. ರಾತ್ರಿ ಹೊತ್ತು, ರಜೆ ದಿನ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಗೊತ್ತಿರಲಿ. ಮೋಸಗಾರರು ಶುಕ್ರವಾರ ಸಂಜೆಯನ್ನೇ ಆರಿಸಿಕೊಳ್ಳುವುದು ಸುಮ್ನೆ ಅಲ್ಲ. ಆಮೇಲೆ ಎರಡು ದಿನ ಕೇಳುವವರು ಇರುವುದಿಲ್ಲ.

ಇಷ್ಟು ಆತುರ ಯಾಕೆ ಅಂದರೆ, ಎಡವುವುದಕ್ಕೆ ಹಿಡಿಯುವ ಸಮಯ ತುಂಬಾ ಕಡಿಮೆ. ವೆರಿಝಾನ್ ಕಂಪನಿ ಪ್ರತಿ ವರ್ಷ ಡೇಟಾ ಸೋರಿಕೆ ಬಗ್ಗೆ ದೊಡ್ಡ ವರದಿ ಹೊರತರುತ್ತದೆ. 2024ರ ವರದಿಯ ಪ್ರಕಾರ ಮೋಸದ ಮೇಲ್ ತೆರೆದವರು ಲಿಂಕ್ ಒತ್ತುವುದಕ್ಕೆ ಸಾಮಾನ್ಯವಾಗಿ 21 ಸೆಕೆಂಡ್ ಸಾಕು. ಪಾಸ್‌ವರ್ಡ್ ತುಂಬಿಸುವುದಕ್ಕೆ ಮತ್ತೆ 28 ಸೆಕೆಂಡ್. ಒಂದು ನಿಮಿಷದೊಳಗೆ ಎಲ್ಲ ಮುಗಿದಿರುತ್ತೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಸೋರಿಕೆಯ ಪ್ರಕರಣಗಳಲ್ಲಿ 68 ಶೇಕಡಾದಷ್ಟರಲ್ಲಿ ಯಾರೋ ಒಬ್ಬರು ಕೆಟ್ಟ ಉದ್ದೇಶವಿಲ್ಲದೆ ಮಾಡಿದ ತಪ್ಪು ಅಥವಾ ಮೋಸ ಹೋದದ್ದು ಇತ್ತು. ಅಂದರೆ ಎಷ್ಟೇ ಹೇಳಿಕೊಟ್ಟರೂ ಯಾರಾದರೂ ಒಬ್ಬರು ಒತ್ತೇ ಒತ್ತುತ್ತಾರೆ. ಆಮೇಲಿನ ಹತ್ತು ನಿಮಿಷ ನಮ್ಮ ಕೈಯಲ್ಲಿ ಇರಬೇಕು.

ಇನ್ನೊಂದು ಕೆಲಸ ಇದೆ, ಇದನ್ನು ಬಿಡಬೇಡಿ. ಕಂಪನಿಯ ಮುಖ್ಯಸ್ಥರಿಂದಲೇ ಬರವಣಿಗೆಯಲ್ಲಿ ಒಂದು ಮಾತು ಕೊಡಿಸಿ: 'ತಪ್ಪಾಗಿ ಲಿಂಕ್ ಒತ್ತಿದವರು ತಕ್ಷಣ ಬಂದು ಹೇಳಿದರೆ ಅವರ ಮೇಲೆ ಯಾವ ಕ್ರಮವೂ ಇರುವುದಿಲ್ಲ.' ಕೊಟ್ಟ ಮಾತನ್ನು ಒಮ್ಮೆ ಮುರಿದರೆ ಸಾಕು, ಮುಂದೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಹಂತ 2: ಯಾರ ಕೈಯಲ್ಲಿ ಏನಿದೆ ಅಂತ ನೋಡಿ

ಎಲ್ಲರಿಗೂ ಒಂದೇ ವಿಡಿಯೋ ತೋರಿಸುವುದು ಸುಲಭ. ಆದರೆ ಎಲ್ಲರ ಮೇಲೂ ಒಂದೇ ತರದ ದಾಳಿ ಬರುವುದಿಲ್ಲ ಅಲ್ವಾ? ಒಂದು ಹಾಳೆ ತೆಗೆದುಕೊಳ್ಳಿ. ಒಂದೊಂದು ವಿಭಾಗದ ಹೆಸರು ಬರೆದು, ಅವರ ಕೈಯಲ್ಲಿ ಏನಿದೆ, ಮೋಸಗಾರನಿಗೆ ಅವರಿಂದ ಏನು ಬೇಕು ಅಂತ ಪಕ್ಕದಲ್ಲಿ ಬರೆಯಿರಿ.

ಅಕೌಂಟ್ಸ್‌ನವರ ಕೈಯಲ್ಲಿ ಹಣ ಇದೆ. 2013ರಿಂದ 2015ರವರೆಗೆ ಲಿಥುವೇನಿಯಾದ ಒಬ್ಬ ವ್ಯಕ್ತಿ ತೈವಾನಿನ ಹಾರ್ಡ್‌ವೇರ್ ಕಂಪನಿಯ ಹೆಸರಿನಲ್ಲಿ ನಕಲಿ ಇನ್‌ವಾಯ್ಸ್ ಕಳಿಸಿ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 10 ಕೋಟಿ ಡಾಲರ್‌ಗೂ ಜಾಸ್ತಿ ಹಣ ಹಾಕಿಸಿಕೊಂಡಿದ್ದ. ಕಂಪ್ಯೂಟರ್ ಗೊತ್ತಿಲ್ಲದವರು ಮಾತ್ರ ಮೋಸ ಹೋಗುತ್ತಾರೆ ಅನ್ನುವವರಿಗೆ ನಾನು ಹೇಳುವ ಮೊದಲ ಉದಾಹರಣೆ ಇದು. ಆಸ್ಟ್ರಿಯಾದ ವಿಮಾನದ ಬಿಡಿಭಾಗ ತಯಾರಿಸುವ ಎಫ್‌ಎಸಿಸಿ ಕಂಪನಿಯಲ್ಲಿ 2016ರಲ್ಲಿ ಮುಖ್ಯಸ್ಥರ ಹೆಸರಿನಲ್ಲಿ ಬಂದ ನಕಲಿ ಮೇಲ್ ನಂಬಿ ಸುಮಾರು 5 ಕೋಟಿ ಯೂರೋ ಕಳಿಸಿಬಿಟ್ಟರು. ಕೊನೆಗೆ ಆ ಮುಖ್ಯಸ್ಥರೇ ಕೆಲಸ ಕಳೆದುಕೊಂಡರು.

ಎಚ್‌ಆರ್‌ನವರು ಗುರುತು ಪರಿಚಯ ಇಲ್ಲದವರ ಅಟ್ಯಾಚ್‌ಮೆಂಟ್ ತೆರೆಯಲೇಬೇಕು, ಅದು ಅವರ ಕೆಲಸ. 'ಗೊತ್ತಿಲ್ಲದವರ ಫೈಲ್ ತೆರೆಯಬೇಡಿ' ಅಂತ ಅವರಿಗೆ ಹೇಳಿದರೆ ನಮ್ಮ ಮಾತಿಗೆ ಬೆಲೆಯೇ ಇರುವುದಿಲ್ಲ. ಅವರಿಗೆ ರೆಸ್ಯೂಮೆ ತೆರೆಯಲು ಸುರಕ್ಷಿತವಾದ ಒಂದು ಜಾಗ ಮಾಡಿಕೊಡಿ, ಅರ್ಜಿಗಳು ವೆಬ್‌ಸೈಟಿನ ಫಾರ್ಮ್ ಮೂಲಕವೇ ಬರಲಿ, ಪಿಡಿಎಫ್ ಬಿಟ್ಟು ಬೇರೆ ತರದ ಫೈಲ್ ಅಲ್ಲೇ ನಿಲ್ಲಲಿ.

ಹೆಲ್ಪ್‌ಡೆಸ್ಕ್‌ನವರನ್ನು ಎಷ್ಟೋ ಕಡೆ ಮರೆತೇಬಿಡುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಜಿಎಂ ರೆಸಾರ್ಟ್ಸ್ ಅನ್ನುವ ಹೋಟೆಲ್ ಮತ್ತು ಕ್ಯಾಸಿನೊ ಕಂಪನಿಯ ಮೇಲೆ ಸೈಬರ್ ದಾಳಿ ಆಯಿತು. ಸಿಬ್ಬಂದಿಯ ಸೋಗಿನಲ್ಲಿ ಹೆಲ್ಪ್‌ಡೆಸ್ಕ್‌ಗೆ ಮಾಡಿದ ಫೋನ್ ಕರೆಯಿಂದಲೇ ಒಳಗೆ ಬಂದರು ಅಂತ ವರದಿಯಾಗಿತ್ತು. ನಷ್ಟ ಸುಮಾರು 10 ಕೋಟಿ ಡಾಲರ್ ಅಂತ ಕಂಪನಿಯೇ ಹೇಳಿತು. ಪಾಸ್‌ವರ್ಡ್ ಬದಲಿಸಿಕೊಡಿ ಅಂತ ಕೇಳುವವರ ಗುರುತು ಹೇಗೆ ಖಚಿತ ಮಾಡಿಕೊಳ್ಳಬೇಕು, ಎದುರಿನವರು ಸಿಟ್ಟು ಮಾಡಿಕೊಂಡರೆ ಏನು ಹೇಳಬೇಕು ಅಂತ ಇವರಿಗೆ ಆಡಿಸಿಯೇ ಕಲಿಸಬೇಕು.

ಮೇಲಧಿಕಾರಿಗಳು ಕೂಡ ಕ್ಲಾಸಿನಲ್ಲಿ ಕೂರಬೇಕು. 'ನನಗೆ ಸಮಯ ಇಲ್ಲ' ಅನ್ನುವವರ ಹೆಸರಿನಲ್ಲೇ ಜಾಸ್ತಿ ಮೋಸ ನಡೆಯುವುದು.

ಹಂತ 3: ಕಲಿಸುವುದು ನಾಲ್ಕೇ ವಿಷಯ ಇರಲಿ

ಮೂವತ್ತು ನಿಯಮ ಹೇಳಿದರೆ ಮೂರೂ ನೆನಪಿರುವುದಿಲ್ಲ. ನಾನು ನಾಲ್ಕು ಮಾತ್ರ ಹೇಳುತ್ತೇನೆ.

ಮೊದಲನೆಯದು, ಹಣದ ವಿಷಯದಲ್ಲಿ ವಾಪಸ್ ಫೋನ್ ಮಾಡುವುದು. ಖಾತೆ ಬದಲಾಗಿದೆ, ತುರ್ತಾಗಿ ಹಣ ಕಳಿಸಿ, ಸಂಬಳ ಬೇರೆ ಖಾತೆಗೆ ಹಾಕಿ, ಹೀಗೆ ಏನೇ ಬಂದರೂ ನಮ್ಮ ಹಳೆಯ ಕಡತದಲ್ಲಿ ಇರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗೆ ಮಾಡಿದರೆ ಮೋಸಗಾರನೇ ಎತ್ತುತ್ತಾನೆ. ಧ್ವನಿ ಕೇಳಿದೆ, ಮುಖ ನೋಡಿದೆ ಅಂತಲೂ ಈಗ ನಂಬುವ ಹಾಗಿಲ್ಲ. ಅರಪ್ ಅನ್ನುವ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಆಫೀಸಿನ ಪ್ರಕರಣ 2024ರಲ್ಲಿ ಬೆಳಕಿಗೆ ಬಂತು. ಅಲ್ಲಿನ ಒಬ್ಬ ಸಿಬ್ಬಂದಿಗೆ ಮೇಲ್ ನೋಡಿ ಅನುಮಾನ ಬಂದಿತ್ತು. ಆಮೇಲೆ ವಿಡಿಯೋ ಕರೆಯಲ್ಲಿ ಹಣಕಾಸು ಮುಖ್ಯಸ್ಥರು, ಸಹೋದ್ಯೋಗಿಗಳು ಎಲ್ಲ ಕಂಡಿದ್ದರಿಂದ ಅನುಮಾನ ಹೋಯಿತು. ಆ ಮುಖಗಳೆಲ್ಲ ಕಂಪ್ಯೂಟರ್ ಸೃಷ್ಟಿಸಿದ ನಕಲಿ. ಹೋದದ್ದು 20 ಕೋಟಿ ಹಾಂಗ್‌ಕಾಂಗ್ ಡಾಲರ್. ಮೊದಲ ಅನುಮಾನ ಬಂದಾಗಲೇ ಗೊತ್ತಿರುವ ನಂಬರಿಗೆ ಒಂದು ಫೋನ್ ಹೋಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಎರಡನೆಯದು, ವಿಳಾಸ ಓದುವುದು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿ. ವೆಬ್ ವಿಳಾಸದಲ್ಲಿ ಮೊದಲ ಎರಡು ಗೀರು ದಾಟಿದ ಮೇಲೆ, ಮುಂದಿನ ಒಂಟಿ ಗೀರು ಎಲ್ಲಿದೆ ಅಂತ ಹುಡುಕಬೇಕು. ಅಲ್ಲಿಂದ ಎಡಕ್ಕೆ ಹಿಂದಕ್ಕೆ ಓದಬೇಕು. ಹಾಗೆ ಓದುವಾಗ 'ಡಾಟ್ ಕಾಮ್' ತರದ ಬಾಲ ಬಿಟ್ಟು ಮೊದಲು ಸಿಗುವ ಹೆಸರೇ ಆ ತಾಣದ ನಿಜವಾದ ಮಾಲೀಕ. 'ನಿಮ್ಮಬ್ಯಾಂಕ್ ಡಾಟ್ ಖಾತೆಪರಿಶೀಲನೆ ಡಾಟ್ ಕಾಮ್' ಅಂತ ಇದ್ದರೆ ಅದು ನಿಮ್ಮ ಬ್ಯಾಂಕಿನದ್ದಲ್ಲ. 'ಖಾತೆಪರಿಶೀಲನೆ' ಅನ್ನುವ ಹೆಸರು ಕೊಂಡವನದ್ದು. ಬ್ಯಾಂಕಿನ ಹೆಸರನ್ನು ಮುಂದೆ ಸುಮ್ನೆ ಅಂಟಿಸಿದ್ದಾನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ತೋರಿಸಿದಾಗ ಕ್ಲಾಸಿನಲ್ಲಿ ಒಂದು ಕ್ಷಣ ಮೌನ ಆಗುತ್ತೆ. ಹತ್ತು ವರ್ಷದಿಂದ ಇಂಟರ್‌ನೆಟ್ ಬಳಸುವವರೂ ಎಡದಿಂದ ಬಲಕ್ಕೆ ಓದಿ ಮೊದಲ ಹೆಸರನ್ನೇ ನಂಬಿರುತ್ತಾರೆ. ಮೊಬೈಲಿನಲ್ಲಿ ಪೂರ್ತಿ ವಿಳಾಸ ಕಾಣುವುದಿಲ್ಲ, ಹಾಗಾಗಿ ಲಾಗಿನ್ ಕೇಳುವ ಯಾವುದನ್ನೂ ಮೇಲ್‌ನ ಲಿಂಕ್‌ನಿಂದ ತೆರೆಯದೆ, ತಾವೇ ಟೈಪ್ ಮಾಡಿ ಹೋಗಲಿ.

ಕಾಗುಣಿತದ ತಪ್ಪು ಹುಡುಕಿ ಅಂತ ನಾನೀಗ ಕಲಿಸುವುದಿಲ್ಲ. ಎಐ ಬಂದ ಮೇಲೆ ಮೋಸದ ಮೇಲ್‌ನ ಭಾಷೆ ನಮ್ಮದಕ್ಕಿಂತ ಚೆನ್ನಾಗಿರುತ್ತೆ. ಅದರ ಬದಲು ಓದುವಾಗ ನಿಮಗೆ ಹೇಗನಿಸುತ್ತಿದೆ ಅಂತ ಗಮನಿಸಿ ಅನ್ನುತ್ತೇನೆ. ಎದೆ ಡವಡವ ಅಂತಿದೆಯಾ? ಬೇಗ ಮಾಡದಿದ್ದರೆ ಕೆಟ್ಟೆ ಅನಿಸುತ್ತಿದೆಯಾ? ಯಾರಿಗೂ ಹೇಳಬೇಡಿ ಅಂತ ಬರೆದಿದೆಯಾ? ಆಗ ಕೈ ಮೌಸ್ ಬಿಟ್ಟು ಫೋನ್ ಕಡೆ ಹೋಗಬೇಕು.

ಮೂರನೆಯದು, ಪಾಸ್‌ವರ್ಡ್ ಮತ್ತು ಎರಡನೇ ಬೀಗ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ಹಳೆಯ ನಿಯಮ ಇನ್ನೂ ಎಷ್ಟೋ ಕಡೆ ಇದೆ. ಜನ ಕೊನೆಯ ಅಂಕಿ ಒಂದನ್ನು ಬದಲಿಸಿ ಸುಮ್ಮನಾಗುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಈ ಬಲವಂತದ ಬದಲಾವಣೆ ಬೇಡ, ಸೋರಿಕೆ ಆದದ್ದು ಗೊತ್ತಾದಾಗ ಬದಲಿಸಿದರೆ ಸಾಕು ಅಂದಿತು. ಉದ್ದದ ಪಾಸ್‌ವರ್ಡ್, ಒಂದೊಂದು ಕಡೆಗೆ ಒಂದೊಂದು, ಅವನ್ನು ನೆನಪಿಡಲು ಪಾಸ್‌ವರ್ಡ್ ಮ್ಯಾನೇಜರ್ ಅನ್ನುವ ಆ್ಯಪ್. ಆ ಆ್ಯಪನ್ನು ಕಂಪನಿಯೇ ಕೊಡಿಸಬೇಕು, ಕ್ಲಾಸಿನಲ್ಲೇ ಕೂರಿಸಿ ಹಾಕಿಕೊಡಬೇಕು.

ಎರಡನೇ ಬೀಗ ಅಂದರೆ ಓಟಿಪಿ, ಆ್ಯಪ್‌ನ ಒಪ್ಪಿಗೆ ಅಥವಾ ಸೆಕ್ಯುರಿಟಿ ಕೀ ಅನ್ನುವ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ. ಇದು ಇಲ್ಲದಿದ್ದರೆ ಏನಾಗುತ್ತೆ ಅನ್ನುವುದಕ್ಕೆ 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ಮೇಲೆ ಆದ ದಾಳಿ ನೋಡಿ. ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ) ಖಾತೆ, ಸೋರಿಹೋಗಿದ್ದ ಅದರ ಪಾಸ್‌ವರ್ಡ್. ಎರಡನೇ ಬೀಗ ಇರಲಿಲ್ಲ. ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಪೈಪ್‌ಲೈನ್ ದಿನಗಟ್ಟಲೆ ನಿಂತಿತು, ದಾಳಿ ಮಾಡಿದವರಿಗೆ 75 ಬಿಟ್‌ಕಾಯಿನ್ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಬೀಗ ಇದ್ದರೂ ಮನುಷ್ಯ ಸುಸ್ತಾಗುತ್ತಾನೆ ಅನ್ನುವುದನ್ನು 2022ರಲ್ಲಿ ಊಬರ್ ಕಂಡಿತು. ಗುತ್ತಿಗೆ ಸಿಬ್ಬಂದಿ ಒಬ್ಬರ ಫೋನಿಗೆ 'ಲಾಗಿನ್ ಒಪ್ಪುತ್ತೀರಾ?' ಅಂತ ಮತ್ತೆ ಮತ್ತೆ ಬಂತು. ಕೊನೆಗೊಮ್ಮೆ ಅವರು ಒಪ್ಪಿದರು. ಹಾಗಾಗಿ ಹೀಗೆ ಹೇಳಿಕೊಡಿ: ನೀವು ಲಾಗಿನ್ ಆಗದಿರುವಾಗ ಒಪ್ಪಿಗೆ ಕೇಳಿತು ಅಂದರೆ ನಿಮ್ಮ ಪಾಸ್‌ವರ್ಡ್ ಈಗಾಗಲೇ ಯಾರ ಕೈಗೋ ಸಿಕ್ಕಿದೆ. ಬೇಡ ಅಂತ ಒತ್ತಿ, ಆ ಕ್ಷಣವೇ ಫೋನ್ ಮಾಡಿ.

ನಾಲ್ಕನೆಯದು ಅಪ್‌ಡೇಟ್. 2017ರ ಮೇ 12ರಂದು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಅನ್ನುವ ಕಂಪ್ಯೂಟರ್ ವೈರಸ್ ಸುಮಾರು 150 ದೇಶಗಳಲ್ಲಿ ಹರಡಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಮಲಗಿಸಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. 'ನಾಳೆ ನೆನಪಿಸು' ಒತ್ತುವವರಿಗೆ ಈ ಎರಡು ತಾರೀಕು ಹೇಳಿದರೆ ಸಾಕು.

ಹಂತ 4: ಇಪ್ಪತ್ತು ನಿಮಿಷದ ಕ್ಲಾಸ್

ವರ್ಷಕ್ಕೊಮ್ಮೆ ಮೂರು ಗಂಟೆ ಕೂರಿಸುವ ಬದಲು ಎರಡು ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಸಾಕು. ಒಂದು ಸಲಕ್ಕೆ ಎಂಟು ಹತ್ತು ಜನ, ಒಂದೇ ವಿಭಾಗದವರು. ವಿಷಯ ಒಂದೇ.

ನಾನು ಮಾಡುವುದು ಹೀಗೆ. ನಮ್ಮ ಆಫೀಸಿಗೇ ಬಂದ ಎರಡು ಮೇಲ್ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಒಂದು ಅಸಲಿ, ಒಂದು ನಕಲಿ. ಯಾವುದು ಯಾವುದು ಅಂತ ಹೇಳುವುದಿಲ್ಲ. ಐದು ನಿಮಿಷ ಅವರೇ ಮಾತಾಡಿಕೊಳ್ಳಲಿ. ಸಾಮಾನ್ಯವಾಗಿ ಅಸಲಿಯನ್ನೇ ನಕಲಿ ಅನ್ನುವವರು ಜಾಸ್ತಿ. ಅದರಿಂದ ನನಗೂ ಒಂದು ಪಾಠ ಸಿಕ್ಕಿತು: ನಮ್ಮ ಎಚ್‌ಆರ್ ಕಳಿಸುವ ನಿಜವಾದ ಮೇಲ್‌ಗಳೇ ಮೋಸದ ಮೇಲ್ ತರ ಇದ್ದವು. 'ಇವತ್ತೇ ಕೊನೆ ದಿನ, ಇಲ್ಲಿ ಒತ್ತಿ' ಅಂತ ನಾವೇ ಬರೆದರೆ ಜನ ಏನು ಕಲಿಯುತ್ತಾರೆ? ಆಮೇಲೆ ಆ ಮೇಲ್‌ಗಳ ಧಾಟಿ ಬದಲಿಸಿದೆವು.

ಕೊನೆಯ ಐದು ನಿಮಿಷ ಎಲ್ಲರೂ ತಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ರಿಪೋರ್ಟ್ ಬಟನ್ ಒತ್ತಲಿ, ಒಮ್ಮೆ ಆ ನಂಬರಿಗೆ ಫೋನ್ ಮಾಡಲಿ. ಒಂದು ಸಲ ಕೈಯಿಂದ ಮಾಡಿದ್ದು ಗಾಬರಿಯಲ್ಲೂ ನೆನಪಿಗೆ ಬರುತ್ತೆ.

ಹೊಸಬರಿಗೆ ಮೊದಲ ವಾರದಲ್ಲೇ ಇದು ಆಗಬೇಕು. ಆಫೀಸಿನಲ್ಲಿ ಯಾರು ಹೇಗೆ ಮಾತಾಡುತ್ತಾರೆ ಅಂತ ಅವರಿಗಿನ್ನೂ ಗೊತ್ತಿರುವುದಿಲ್ಲ, 'ನಾನು ಬಾಸ್, ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಕಳಿಸು' ಅಂತ ಬರುವ ಮೆಸೇಜು ಹೆಚ್ಚಾಗಿ ಅವರಿಗೇ. ಗುತ್ತಿಗೆಯವರನ್ನು, ರಿಸೆಪ್ಷನ್‌ನವರನ್ನು, ಸೆಕ್ಯುರಿಟಿಯವರನ್ನು ಬಿಡಬೇಡಿ. ಬಿದ್ದು ಸಿಕ್ಕ ಪೆನ್‌ಡ್ರೈವ್ ಮೊದಲು ಬರುವುದು ಅವರ ಕೈಗೇ. ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್ ಬೀಳಿಸಿ ನೋಡಿದ್ದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಕಡಿಮೆ ಅಂದರೂ 45 ಶೇಕಡಾ ಡ್ರೈವ್‌ಗಳಲ್ಲಿದ್ದ ಫೈಲನ್ನು ಯಾರೋ ತೆರೆದಿದ್ದರು. ಎಷ್ಟೋ ಜನ ಮಾಲೀಕರಿಗೆ ಹಿಂತಿರುಗಿಸೋಣ ಅಂತಲೇ ತೆರೆದದ್ದು. ಒಳ್ಳೆಯ ಮನಸ್ಸಿಗೂ ಒಂದು ದಾರಿ ಬೇಕು. ಸಿಕ್ಕಿದ್ದನ್ನು ಐಟಿಗೆ ತಂದುಕೊಡಿ ಅಂತ ಹೇಳಿಡಿ.

ಹಂತ 5: ಪರೀಕ್ಷೆಯ ಮೇಲ್ ಕಳಿಸುವಾಗ ಮನಸ್ಸು ನೋಯಿಸಬೇಡಿ

ನಾವೇ ನಕಲಿ ಮೇಲ್ ಕಳಿಸಿ ಯಾರು ಒತ್ತುತ್ತಾರೆ ಅಂತ ನೋಡುವ ಪದ್ಧತಿ ಎಲ್ಲ ಕಡೆ ಇದೆ. ಇದರಿಂದ ದೊಡ್ಡ ಫಲ ನಿರೀಕ್ಷಿಸಬೇಡಿ. ಅಮೆರಿಕದ ಒಂದು ದೊಡ್ಡ ಆಸ್ಪತ್ರೆ ವ್ಯವಸ್ಥೆಯ ಸುಮಾರು 19,500 ಸಿಬ್ಬಂದಿಯ ಮೇಲೆ ಎಂಟು ತಿಂಗಳು ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಇಂಥ ಮೇಲ್ ಜೊತೆ ತರಬೇತಿ ಪಡೆದವರಿಗೂ ಪಡೆಯದವರಿಗೂ ಎಡವುವುದರಲ್ಲಿ ಇದ್ದ ವ್ಯತ್ಯಾಸ ಬರೀ 1.7 ಶೇಕಡಾ. ಒತ್ತಿದ ಮೇಲೆ ತೆರೆದುಕೊಳ್ಳುವ ಪಾಠದ ಪುಟವನ್ನು ಹೆಚ್ಚಿನವರು ಒಂದು ನಿಮಿಷದೊಳಗೆ ಮುಚ್ಚುತ್ತಿದ್ದರು. ಇದಕ್ಕೂ ಮೊದಲು ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 14,000ಕ್ಕೂ ಹೆಚ್ಚು ಸಿಬ್ಬಂದಿಯನ್ನು 15 ತಿಂಗಳು ಗಮನಿಸಿದ್ದರು. ಆ ಪಾಠದ ಪುಟಗಳಿಂದ ಪ್ರಯೋಜನ ಕಾಣಲಿಲ್ಲ. ಆದರೆ ಸಿಬ್ಬಂದಿ ತಾವಾಗಿಯೇ ರಿಪೋರ್ಟ್ ಮಾಡುವುದು ಮಾತ್ರ ತುಂಬಾ ಚೆನ್ನಾಗಿ ಕೆಲಸ ಮಾಡಿತು, ಹೊಸ ಮೋಸದ ಮೇಲ್‌ಗಳು ಬೇಗನೇ ಸಿಕ್ಕಿಬಿದ್ದವು. ನಾನು ಹಂತ 1ಕ್ಕೆ ಅಷ್ಟು ಒತ್ತು ಕೊಡುವುದು ಇದಕ್ಕೇ.

ಪರೀಕ್ಷೆ ಮಾಡಲೇಬೇಕು ಅಂದರೆ ರಿಪೋರ್ಟ್ ಮಾಡುವ ಅಭ್ಯಾಸಕ್ಕಾಗಿ ಮಾಡಿ. ಒತ್ತಿದವರ ಹೆಸರನ್ನು ಯಾರ ಮುಂದೆಯೂ ಹೇಳಬೇಡಿ, ಅವರ ಮ್ಯಾನೇಜರಿಗೂ ಕಳಿಸಬೇಡಿ. ಆಸೆ ಹುಟ್ಟಿಸಿ ಬೀಳಿಸುವ ಮೇಲ್ ಬೇಡವೇ ಬೇಡ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಕಷ್ಟದ ನಡುವೆ, ಗೋಡ್ಯಾಡಿ ಕಂಪನಿ ತನ್ನ ಸಿಬ್ಬಂದಿಗೆ 650 ಡಾಲರ್ ಬೋನಸ್ ಅಂತ ಪರೀಕ್ಷೆಯ ಮೇಲ್ ಕಳಿಸಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಹಾಗೆ ಅವಮಾನ ಆದವರು ಮುಂದೆ ನಿಜವಾದ ದಾಳಿ ಬಂದಾಗ ನಮ್ಮ ಹತ್ತಿರ ಓಡಿ ಬರುತ್ತಾರಾ?

ಹಂತ 6: ಅಳೆಯುವುದು ಏನನ್ನು?

ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ಮೋಸ ಮಾಡುತ್ತೆ. ಸುಲಭದ ಮೇಲ್ ಕಳಿಸಿದರೆ ಅಂಕಿ ಇಳಿಯುತ್ತೆ, ಕಷ್ಟದ್ದು ಕಳಿಸಿದರೆ ಏರುತ್ತೆ. ನಾನು ಎರಡೇ ಅಂಕಿ ಬರೆದಿಡುತ್ತೇನೆ. ಮೇಲ್ ಬಂದ ಎಷ್ಟು ನಿಮಿಷಕ್ಕೆ ಮೊದಲ ರಿಪೋರ್ಟ್ ಬಂತು? ಒತ್ತಿದವರಲ್ಲಿ ಎಷ್ಟು ಜನ ತಾವಾಗಿಯೇ ಬಂದು ಹೇಳಿದರು? ಈ ಎರಡನೆಯದು ಏರುತ್ತಿದ್ದರೆ ಆಫೀಸಿನಲ್ಲಿ ನಂಬಿಕೆ ಬೆಳೆಯುತ್ತಿದೆ ಅಂತಲೇ ಅರ್ಥ.

ಜೊತೆಗೆ, ಜನರ ಮೇಲೆ ಎಲ್ಲ ಭಾರ ಹಾಕಬೇಡಿ. ಗೂಗಲ್ 2017ರ ಆರಂಭದಿಂದ ತನ್ನ ಸಿಬ್ಬಂದಿಗೆಲ್ಲ ಸೆಕ್ಯುರಿಟಿ ಕೀ ಕಡ್ಡಾಯ ಮಾಡಿತು. 85,000ಕ್ಕೂ ಹೆಚ್ಚು ಜನರಲ್ಲಿ ಒಬ್ಬರ ಆಫೀಸ್ ಖಾತೆಯೂ ಫಿಶಿಂಗ್‌ಗೆ, ಅಂದರೆ ಪಾಸ್‌ವರ್ಡ್ ಕದಿಯುವ ಇಂಥ ಮೋಸಕ್ಕೆ, ಬಿದ್ದಿಲ್ಲ ಅಂತ 2018ರಲ್ಲಿ ಹೇಳಿತು. ದೊಡ್ಡ ಮೊತ್ತ ಕಳಿಸಲು ಇಬ್ಬರ ಒಪ್ಪಿಗೆ ಬೇಕು ಅನ್ನುವ ನಿಯಮಕ್ಕೆ ಖರ್ಚೇ ಇಲ್ಲ. ಇಂಥವನ್ನು ಮಾಡದೆ ಬರೀ ಕ್ಲಾಸ್ ಇಡುವುದು ಸಿಬ್ಬಂದಿಗೆ ಮಾಡುವ ಅನ್ಯಾಯ ಅಂತ ನನಗನಿಸುತ್ತೆ.

ಹಂತ 7: 'ಒತ್ತಿಬಿಟ್ಟೆ' ಅಂತ ಯಾರಾದರೂ ಬಂದಾಗ

ಇದನ್ನು ಐಟಿ ತಂಡದವರು ಅಭ್ಯಾಸ ಮಾಡಬೇಕು. ಮೊದಲ ಮಾತು 'ಬಂದು ಹೇಳಿದ್ದು ಒಳ್ಳೆಯದಾಯಿತು'. ನಿಮ್ಮ ಮುಖದಲ್ಲೂ ಅದೇ ಕಾಣಬೇಕು. 'ಅಯ್ಯೋ, ಏನ್ ಮಾಡಿದ್ರಿ' ಅನ್ನುವುದು ಬಾಯಿಗೆ ಬಂದರೂ ತಡೆದುಕೊಳ್ಳಿ.

ಆಮೇಲೆ ಗಂಟೆ ಎಷ್ಟು ಅಂತ ಬರೆದುಕೊಳ್ಳಿ. ಫೈಲ್ ತೆರೆದಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆಯಿರಿ, ವೈಫೈ ಆಫ್ ಮಾಡಿ. ಕಂಪ್ಯೂಟರನ್ನು ಮಾತ್ರ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಅಳಿಸಿಹೋಗುತ್ತೆ. ಪಾಸ್‌ವರ್ಡ್ ಕೊಟ್ಟಿದ್ದರೆ ಬೇರೆ ಕಂಪ್ಯೂಟರಿನಿಂದ ಅದನ್ನು ಬದಲಿಸಿ, ತೆರೆದಿರುವ ಎಲ್ಲ ಲಾಗಿನ್‌ಗಳನ್ನು ಹೊರಹಾಕಿ. ಮೇಲ್ ಸೆಟ್ಟಿಂಗ್‌ನಲ್ಲಿ ಬಂದ ಮೇಲನ್ನು ತಾನಾಗಿಯೇ ಬೇರೆಯವರಿಗೆ ಕಳಿಸುವ ಹೊಸ ಫಾರ್ವರ್ಡ್ ನಿಯಮ ಏನಾದರೂ ಸೇರಿಕೊಂಡಿದೆಯಾ ನೋಡಿ. ಪಾಸ್‌ವರ್ಡ್ ಬದಲಾದರೂ ಮೇಲ್‌ಗಳು ಕದ್ದು ಹೋಗುತ್ತಲೇ ಇರುವುದು ಅಲ್ಲಿಂದ. ಹಣ ಹೋಗಿದ್ದರೆ ಇದೆಲ್ಲಕ್ಕಿಂತ ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ಪೊಲೀಸರಿಗೆ. ಅದೇ ಮೇಲ್ ಇನ್ನಾರಿಗೆ ಬಂದಿದೆ ಅಂತ ಹುಡುಕಿ ಎಲ್ಲರ ಇನ್‌ಬಾಕ್ಸ್‌ನಿಂದ ತೆಗೆಯಿರಿ. ಎಲ್ಲರಿಗೂ ಎಚ್ಚರಿಕೆ ಕಳಿಸುವಾಗ 'ನಮ್ಮ ಸಹೋದ್ಯೋಗಿಯೊಬ್ಬರು ಬೇಗ ತಿಳಿಸಿದ್ದರಿಂದ' ಅಂತ ಶುರು ಮಾಡಿ, ಹೆಸರು ಬೇಡ.

ಇಷ್ಟೆಲ್ಲ ಆಗುವಾಗ ಅವರನ್ನು ಒಂಟಿಯಾಗಿ ಕೂರಿಸಬೇಡಿ. ಏನು ಮಾಡುತ್ತಿದ್ದೀರಿ ಅಂತ ಒಂದೊಂದಾಗಿ ಹೇಳುತ್ತಾ ಇರಿ. ಮರುದಿನ ಬೆಳಿಗ್ಗೆ ಬೇರೆ ಯಾವ ಕೆಲಸಕ್ಕೂ ಮೊದಲು ಅವರ ಮೇಜಿನ ಹತ್ತಿರ ಹೋಗಿ ಏನಾಯಿತು ಅಂತ ತಿಳಿಸಿ. ಅವರು ರಾತ್ರಿ ನಿದ್ದೆ ಮಾಡಿರುವುದಿಲ್ಲ.